ಸಮಮಟ್ಟವೆಂಬದು ಯಾವದು? ಗೋಳೀಯ ಹರಾತ್ಮಕಗಳನ್ನು ಕುರಿತು ಒಂದು ಪಾಠ



ಇಂಥ ಸಂಚಿಕೆಯಲ್ಲಿ ಮುಖ್ಯೋಪಾಧ್ಯಾಯಿನಿಯಾದವಳು ಬರೆಯತಕ್ಕದ್ದು ವಾಡಿಕೆಯಂತೆ ವರ್ಷದ ವರದಿ, ಇಲ್ಲವೆ ಹಿತೋಪದೇಶ. ಈ ಸಲ ನಾವು ಅವೆರಡನ್ನೂ ಬದಿಗಿಟ್ಟು ಒಂದು ಪಾಠವನ್ನು ಬರೆಯಲು ಕುಳಿತಿರುವೆವು. ಕಾರಣವೇನೆಂದರೆ, ಈ ಪಾಠವು ನಮ್ಮಿಂದ ಒಬ್ಬ ವಿದ್ಯಾರ್ಥಿನಿಗೆ ಸಲ್ಲಬೇಕಾಗಿದ್ದು, ಸಕಾಲದಲ್ಲಿ ಸಲ್ಲದೆ ಉಳಿದ ಸಾಲವಾಗಿದೆ.

ಕೆಲವು ವರ್ಷಗಳ ಹಿಂದೆ ರಾಣೇಬೆನ್ನೂರ ಕಡೆಯ ರೈತನೊಬ್ಬನ ಮಗಳು ನಮ್ಮಲ್ಲಿ ಒಂಬತ್ತನೆಯ ಇಯತ್ತೆಯಲ್ಲಿ ಓದುತ್ತಿದ್ದಳು. ರೇಲ್ವೆ ಸ್ಟೇಶನ್ನಿನ ಹಳದಿ ಫಲಕದ ಮೇಲೆ ಊರಿನ ಹೆಸರಿನ ಕೆಳಗೆ ಸಮುದ್ರಮಟ್ಟದಿಂದ ಆ ಸ್ಥಳದ ಎತ್ತರವನ್ನು ಬರೆದಿರುವದನ್ನು ತಾವೆಲ್ಲರೂ ಕಂಡಿರುವಿರಿ. ಹಾವೇರಿ, ಬ್ಯಾಡಗಿ, ರಾಣೇಬೆನ್ನೂರು ಈ ಮೂರೂ ಒಂದೇ ರೇಲ್ವೆ ಹಾದಿಯ ಮೇಲಿನ ಊರುಗಳಾಗಿವೆಯಷ್ಟೆ. ಆ ಹುಡುಗಿಯು ತಂದೆಯ ಮೊಬೈಲ್ ಫೋನಿನಲ್ಲಿ ಉಪಗ್ರಹಗಳ ಸಹಾಯದಿಂದ ಎತ್ತರವನ್ನು ತೋರಿಸುವ ಸಾಧನವೊಂದನ್ನು ತೆರೆದು, ಫಲಕದ ಕೆಳಗೆ ನಿಂತು ನೋಡಿದಳಂತೆ. ಫಲಕದ ಅಂಕಿಗಿಂತ ಫೋನಿನ ಅಂಕಿಯು ಸುಮಾರು ೮೦ ಮೀಟರಿನಷ್ಟು ಕಡಿಮೆಯಾಗಿತ್ತು. ಮರುದಿನ ನೋಡಿದಳು, ಅಷ್ಟೇ. ಬ್ಯಾಡಗಿಯ ಸ್ಟೇಶನ್ನಿನಲ್ಲಿ ಇಳಿದು ನೋಡಿದಳು, ಅಲ್ಲಿಯೂ ಹೆಚ್ಚು ಕಡಿಮೆ ಅಷ್ಟೇ.

“ಬಾಯಿಯವರೇ, ಫಲಕವು ತಪ್ಪೋ, ಫೋನು ತಪ್ಪೋ?” ಎಂದು ವರ್ಗದಲ್ಲಿ ಎದ್ದು ನಿಂತು ಕೇಳಿದಳು. ಫೋನು ಅಗ್ಗದ್ದಿರಬೇಕು, ಅದನ್ನು ಬಿಟ್ಟು ಪರೀಕ್ಷೆಯ ಕಡೆಗೆ ಲಕ್ಷ್ಯ ಕೊಡು ಎಂದು ನಾವು ಹೇಳಿದೆವು. ಅವಳು ಕುಳ್ಳಿರಲಿಲ್ಲ. “ಕೆಟ್ಟ ಯಂತ್ರವಾದರೆ ದಿನಕ್ಕೊಂದು ತೆರನಾಗಿ ತಪ್ಪಬೇಕಲ್ಲವೆ? ಯಾವಾಗಲೂ ಒಂದೇ ಅಳತೆಯಲ್ಲಿ ಏಕೆ ತಪ್ಪುವದು?” ಎಂದಳು. ವರ್ಗವು ನಕ್ಕಿತು. ನಾವೂ ನಕ್ಕೆವು. ಅವಳು ಕುಳಿತಳು. ಆ ವರ್ಷ ಅವಳು ಮತ್ತೊಂದು ಪ್ರಶ್ನವನ್ನು ಕೇಳಲಿಲ್ಲ. ಹತ್ತನೆಯ ಇಯತ್ತೆಯು ಮುಗಿದ ಬಳಿಕ ಗಣಿತವನ್ನೂ ತೆಗೆದುಕೊಳ್ಳಲಿಲ್ಲ.

ಫಲಕವೂ ತಪ್ಪಿರಲಿಲ್ಲ, ಫೋನೂ ತಪ್ಪಿರಲಿಲ್ಲ; ತಪ್ಪಿದವರು ನಾವು. ಇದು ನಮಗೆ ತಿಳಿದದ್ದು ಎಷ್ಟೋ ಕಾಲದ ನಂತರ. ತಿಳಿದದ್ದನ್ನು ಈಗ ಎಲ್ಲರ ಎದುರಿಗೆ, ಮೊದಲಿನಿಂದ, ನಿಧಾನವಾಗಿ ಹೇಳುವೆವು.

ಸಮಮಟ್ಟ

ಕೆರೆಯ ನೀರು ಗಾಳಿಯಿಲ್ಲದ ಸಂಜೆಯಲ್ಲಿ ಅಲುಗಾಡದೆ ನಿಂತಿರುವಾಗ ಅದರ ಮೇಲ್ಮೈಯನ್ನು ನಾವು ಸಮಮಟ್ಟವೆನ್ನುತ್ತೇವೆ. ಗೌಂಡಿಯು ತೂಗುಗುಂಡನ್ನು ಇಳಿಬಿಟ್ಟರೆ ಅದರ ದಾರವು ಈ ಮೇಲ್ಮೈಗೆ ಲಂಬವಾಗಿರುತ್ತದೆ. ಈ ಮಟ್ಟವನ್ನು ಊರಿಂದೂರಿಗೆ, ನಾಡಿಂದ ನಾಡಿಗೆ, ಭೂಮಿಯ ಸುತ್ತಲೂ ಬೆಳೆಸುತ್ತ ಹೋದರೆ ಒಂದು ದೊಡ್ಡ ಮೇಲ್ಮೈ ಸಿದ್ಧವಾಗುವದು. ಭರತ-ಇಳಿತ, ಗಾಳಿ, ಪ್ರವಾಹ ಇವೊಂದೂ ಇಲ್ಲದೆ ಸಮುದ್ರವು ಶಾಂತವಾಗಿದ್ದು, ನೆಲದ ಅಡಿಯಲ್ಲಿಯೂ ಸಣ್ಣ ಕಾಲುವೆಗಳ ಮೂಲಕ ಹರಡಿಕೊಂಡಿದ್ದರೆ ಅದರ ನೀರು ಎಲ್ಲಿ ನಿಲ್ಲುತ್ತಿತ್ತೋ, ಅದೇ ಆ ಮೇಲ್ಮೈ. ಇದಕ್ಕೆ ಜಿಯಾಯ್ಡ್ ಎಂದು ಹೆಸರು. ಸ್ಟೇಶನ್ನಿನ ಫಲಕದ ಅಂಕಿಯು ಇದರಿಂದ ಎಣಿಸಿದ್ದು.

ಉಪಗ್ರಹಗಳಿಗೆ ಸಮುದ್ರದ ನೀರು ಗೊತ್ತಿಲ್ಲ. ಅವು ಭೂಮಿಯ ಕೇಂದ್ರದಿಂದ ಅಳೆಯುತ್ತವೆ. ಲೆಕ್ಕದ ಅನುಕೂಲಕ್ಕಾಗಿ ಪಂಡಿತರು ಭೂಮಿಗೆ ಒಂದು ನುಣುಪಾದ ಆಕಾರವನ್ನು ಗೊತ್ತುಮಾಡಿರುತ್ತಾರೆ. ಅದು ಧ್ರುವಗಳಲ್ಲಿ ತುಸು ಚಪ್ಪಟೆಯಾದ ಗೋಳ. ವಿಷುವದ್ರೇಖೆಯಲ್ಲಿ ಅದರ ತ್ರಿಜ್ಯವು ೬೩೭೮ ಕಿಲೋಮೀಟರು, ಧ್ರುವಗಳಲ್ಲಿ ೬೩೫೭ ಕಿಲೋಮೀಟರಿಗೆ ತುಸು ಕಡಿಮೆ. ಅನೇಕ ಫೋನುಗಳೂ ಸರ್ವೇ ಯಂತ್ರಗಳೂ ತಿದ್ದುಪಡಿಯಿಲ್ಲದೆ ತೋರಿಸುವ ಎತ್ತರವು ಈ ನುಣುಪಾದ ಆಕಾರದಿಂದ ಎಣಿಸಿದ್ದಾಗಿದೆ.

ಆದರೆ ನಿಜವಾದ ಜಲಮಟ್ಟವು ಅಷ್ಟು ನುಣುಪಾಗಿಲ್ಲ. ಭೂಗರ್ಭದಲ್ಲಿ ಒಂದು ಕಡೆಗೆ ಭಾರವಾದ ಶಿಲೆ, ಇನ್ನೊಂದು ಕಡೆಗೆ ಹಗುರಾದದ್ದು. ಆದುದರಿಂದ ಗುರುತ್ವಾಕರ್ಷಣವು ಎಲ್ಲೆಡೆಯಲ್ಲಿ ಒಂದೇ ತೆರನಾಗಿಲ್ಲ. ನೀರು ಕೆಲವೆಡೆ ಉಬ್ಬಿಯೂ ಕೆಲವೆಡೆ ತಗ್ಗಿಯೂ ನಿಲ್ಲುವದು. ದಕ್ಷಿಣ ಭಾರತವು ತಗ್ಗಿನ ಪ್ರದೇಶದಲ್ಲಿದೆ. ನಮ್ಮ ಸೀಮೆಯಲ್ಲಿ ಸಮುದ್ರಮಟ್ಟವು ಆ ನುಣುಪಾದ ಆಕಾರಕ್ಕಿಂತ ಸುಮಾರು ೮೦ ಮೀಟರು ಕೆಳಗೆ ಇರುವದು. ಕೆಳಗಿನಿಂದ ಎಣಿಸಿದ ಫಲಕವು ಹೆಚ್ಚು ತೋರಿಸಿತು. ಮೇಲಿನಿಂದ ಎಣಿಸಿದ ಫೋನು ಕಡಿಮೆ ತೋರಿಸಿತು. ಒಂಬತ್ತನೆಯ ಇಯತ್ತೆಯ ಹುಡುಗಿಯೊಬ್ಬಳು ಒಂದು ಫೋನಿನಿಂದಲೂ ಒಂದು ಫಲಕದಿಂದಲೂ ಭೂಮಿಯ ಈ ತಗ್ಗನ್ನು ಅಳೆದಿದ್ದಳು!

ಇನ್ನು ಇಂಥ ಉಬ್ಬು-ತಗ್ಗುಗಳನ್ನು ಗಣಿತದಲ್ಲಿ ಬರೆಯುವದು ಹೇಗೆ? ಅದಕ್ಕೆ ಉಪಯೋಗವಾಗುವವೇ ಗೋಳೀಯ ಹರಾತ್ಮಕಗಳು. ಇಂಗ್ಲಿಷ್ ಗ್ರಂಥಗಳಲ್ಲಿ ಸ್ಫೆರಿಕಲ್ ಹಾರ್ಮೋನಿಕ್ಸ್ ಎಂಬ ಹೆಸರಿನವು.

ತಂತಿಯಿಂದ ಗೋಳಕ್ಕೆ

ತಂಬೂರಿಯ ತಂತಿಯನ್ನು ಮೀಟಿದಾಗ ಅದು ಇಡಿಯಾಗಿ ಕಂಪಿಸುವದಲ್ಲದೆ, ಎರಡು ಭಾಗವಾಗಿ, ಮೂರು ಭಾಗವಾಗಿ, ನಾಲ್ಕು ಭಾಗವಾಗಿ ಏಕಕಾಲದಲ್ಲಿ ಕಂಪಿಸುತ್ತದೆ. ಒಂದೊಂದು ಕಂಪನಕ್ಕೂ ಒಂದೊಂದು ಸ್ವರ. ಎಲ್ಲ ಸ್ವರಗಳೂ ಬೇರೆ ಬೇರೆ ಪ್ರಮಾಣದಲ್ಲಿ ಕೂಡಿ ತಂಬೂರಿಯ ನಾದವಾಗುವದು. ಫ್ರಾನ್ಸ್ ದೇಶದ ಫೂರಿಯೆ ಎಂಬವನು ೧೮೨೨ರಲ್ಲಿ ಪ್ರಕಟಿಸಿದ ಉಷ್ಣತೆಯ ಗ್ರಂಥದಲ್ಲಿ ಈ ವಿಚಾರವನ್ನು ವಿಸ್ತರಿಸಿ, ಎಂಥ ವಕ್ರರೇಖೆಯನ್ನಾದರೂ ಇಂಥ ಸರಳ ಅಲೆಗಳನ್ನು ಕೂಡಿಸಿ ಬರೆಯಬಹುದೆಂದು ಪ್ರತಿಪಾದಿಸಿದನು.

ಬ್ಯಾಡಗಿಯ ತಾಯಂದಿರಿಗೆ ಇದನ್ನು ಬೇರೆ ರೀತಿಯಲ್ಲಿ ಹೇಳಬಹುದು. ಮಸಾಲೆಯ ಪುಡಿಯಲ್ಲಿ ಮೆಣಸಿನಕಾಯಿ ಇಷ್ಟು, ಕೊತ್ತಂಬರಿ ಇಷ್ಟು, ಜೀರಿಗೆ ಇಷ್ಟು ಎಂಬ ಪ್ರಮಾಣ ಉಂಟಷ್ಟೆ. ಪದಾರ್ಥಗಳು ಅವೇ, ಪ್ರಮಾಣವು ಬೇರೆಯಾದರೆ ರುಚಿಯು ಬೇರೆ. ಹಾಗೆಯೇ ಇಲ್ಲಿ ಅಲೆಗಳು ಪದಾರ್ಥಗಳು, ಅವುಗಳ ಗುಣಕಗಳು ಪ್ರಮಾಣಗಳು. ಒಂದು ಭೇದವುಂಟು. ಕುಟ್ಟಿ ಬೆರೆಸಿದ ಮಸಾಲೆಯಿಂದ ಜೀರಿಗೆಯನ್ನು ತಿರುಗಿ ಬೇರ್ಪಡಿಸಲು ಯಾರಿಂದಲೂ ಆಗದು. ಅಲೆಗಳಾದರೆ ಒಂದಕ್ಕೊಂದು ಲಂಬವಾಗಿರುವ ಗುಣವುಳ್ಳವುಗಳಾದ ಕಾರಣ, ಪ್ರತಿಯೊಂದರ ಪ್ರಮಾಣವನ್ನು ಉಳಿದವುಗಳನ್ನು ಕದಲಿಸದೆ ಪ್ರತ್ಯೇಕವಾಗಿ ಲೆಕ್ಕಿಸಬಹುದು. ಇದೇ ಈ ವಿದ್ಯೆಯ ಮರ್ಮ.

ತಂತಿಗೆ ಎರಡು ತುದಿಗಳುಂಟು. ಗೋಳಕ್ಕೆ ತುದಿಯಿಲ್ಲ. ಗೋಳದ ಮೇಲ್ಮೈಗೆ ತಕ್ಕ ಅಲೆಗಳನ್ನು ಹದಿನೆಂಟನೆಯ ಶತಮಾನದ ಎಂಬತ್ತರ ದಶಕದಲ್ಲಿ ಫ್ರಾನ್ಸಿನ ಲಜಾಂಡ್ರ ಮತ್ತು ಲಪ್ಲಾಸ್ ಎಂಬ ಗಣಿತಜ್ಞರು ಕಂಡುಹಿಡಿದರು. ಅವರ ಪ್ರಶ್ನವು ಇದೇ ಆಗಿತ್ತು: ಪೂರ್ಣಗೋಳವಲ್ಲದ ಪಿಂಡವು ತನ್ನ ಹೊರಗಿನ ವಸ್ತುವನ್ನು ಎಷ್ಟು ಬಲದಿಂದ ಎಳೆಯುವದು? ಬಹುಕಾಲದವರೆಗೆ ಇವುಗಳಿಗೆ ಲಪ್ಲಾಸನ ಫಲನಗಳೆಂದೇ ಹೆಸರಿತ್ತು. ಈಗಿನ ಹೆಸರನ್ನು ಥಾಮ್ಸನ್ ಹಾಗೂ ಟೇಟ್ ಎಂಬ ಪಂಡಿತರು ೧೮೬೭ರ ತಮ್ಮ ಗ್ರಂಥದಲ್ಲಿ ಬಳಕೆಗೆ ತಂದರು.

ಬೆಸಸಂಖ್ಯೆಗಳ ಲೆಕ್ಕ

ಒಂದು ಮೋಸಂಬಿ ಹಣ್ಣನ್ನೂ ಒಂದು ಲೇಖನಿಯನ್ನೂ ತೆಗೆದುಕೊಳ್ಳಿರಿ. ಉಬ್ಬಿಗೆ ಅಧಿಕ ಚಿಹ್ನೆ, ತಗ್ಗಿಗೆ ಋಣ ಚಿಹ್ನೆ ಹಾಕುವಾ.

ಸೊನ್ನೆಯ ದರ್ಜೆಯಲ್ಲಿ ಯಾವ ಗೆರೆಯೂ ಇಲ್ಲ. ಇಡೀ ಹಣ್ಣು ಏಕಪ್ರಕಾರವಾಗಿ ಅಧಿಕ. ಇಂಥದು ಒಂದೇ.

ಒಂದನೆಯ ದರ್ಜೆಯಲ್ಲಿ ಹಣ್ಣನ್ನು ನಡುವೆ ಸುತ್ತುವ ಒಂದೇ ಗೆರೆ. ಒಂದು ಅರ್ಧ ಅಧಿಕ, ಇನ್ನೊಂದು ಅರ್ಧ ಋಣ. ಈ ಗೆರೆಯನ್ನು ಅಡ್ಡಲಾಗಿ ಎಳೆಯಬಹುದು, ಇಲ್ಲವೆ ಒಂದಕ್ಕೊಂದು ಲಂಬವಾಗಿ ಎರಡು ರೀತಿಯಲ್ಲಿ ಉದ್ದಲಾಗಿ ಎಳೆಯಬಹುದು. ಹೀಗೆ ಮೂರು.

ಎರಡನೆಯ ದರ್ಜೆಯಲ್ಲಿ ಎರಡು ಗೆರೆಗಳು. ಎರಡೂ ಅಡ್ಡಲಾಗಿದ್ದರೆ ಹಣ್ಣಿನ ಮೇಲೆ ಪಟ್ಟೆಗಳಾಗುವವು. ಎರಡೂ ಧ್ರುವಗಳ ಮೂಲಕ ಹಾದರೆ ಮೋಸಂಬಿಯ ತೊಳೆಗಳಂತೆ ಆಗುವದು. ಒಂದು ಅಡ್ಡ, ಒಂದು ಉದ್ದವಾದರೆ ಪಗಡೆಯ ಹಾಸಿನಂತೆ ಚೌಕಗಳು. ಎಲ್ಲವನ್ನೂ ಎಣಿಸಿದರೆ ಐದು. ಮೂರನೆಯ ದರ್ಜೆಯಲ್ಲಿ ಏಳು, ನಾಲ್ಕನೆಯದರಲ್ಲಿ ಒಂಬತ್ತು.

ಒಂದು, ಮೂರು, ಐದು, ಏಳು, ಒಂಬತ್ತು, ಇವು ಬೆಸಸಂಖ್ಯೆಗಳು. ಮೊದಲಿನಿಂದ ಕ್ರಮವಾಗಿ ಕೂಡಿಸಿದ ಬೆಸಸಂಖ್ಯೆಗಳ ಮೊತ್ತವು ಯಾವಾಗಲೂ ಪೂರ್ಣವರ್ಗವಾಗಿರುವದೆಂದು ಚಿಕ್ಕ ಇಯತ್ತೆಗಳಲ್ಲಿಯೇ ಹುಣಸೆಯ ಬೀಜಗಳನ್ನು ಚೌಕಾಕಾರವಾಗಿ ಜೋಡಿಸಿ ಕಲಿತಿರುವಿರಿ: ೧, ೪, ೯, ೧೬, ೨೫. ಆದುದರಿಂದ ನಾಲ್ಕನೆಯ ದರ್ಜೆಯ ವರೆಗೆ ಬರೆಯಲು ೨೫ ಗುಣಕಗಳು ಬೇಕು. ಈ ಸಂಗತಿಯನ್ನು ನೆನಪಿನಲ್ಲಿಡಿರಿ, ಮುಂದೆ ಬರುವದು.

ಒಂದು ಉದಾಹರಣೆಯನ್ನು ಲೆಕ್ಕ ಮಾಡಿಯೇ ನೋಡುವಾ. ಎರಡನೆಯ ದರ್ಜೆಯ ಪಟ್ಟೆಯ ಫಲನವು ಹೀಗಿದೆ: ಅಕ್ಷಾಂಶದ ಸೈನನ್ನು ವರ್ಗಿಸಿ, ಮೂರರಿಂದ ಗುಣಿಸಿ, ಒಂದನ್ನು ಕಳೆದು, ಎರಡರಿಂದ ಭಾಗಿಸಬೇಕು. ವಿಷುವದ್ರೇಖೆಯಲ್ಲಿ ಬೆಲೆಯು ಋಣ ಅರ್ಧ, ಧ್ರುವದಲ್ಲಿ ಒಂದು. ೩೫ ಅಂಶ ೧೬ ಕಲೆಯ ಅಕ್ಷಾಂಶದಲ್ಲಿ, ಅಂದರೆ ಲೇಹ್ ಪಟ್ಟಣಕ್ಕಿಂತ ತುಸು ಉತ್ತರಕ್ಕೆ, ಬೆಲೆಯು ಸೊನ್ನೆ. ಹಾವೇರಿಯ ಅಕ್ಷಾಂಶವು ಸುಮಾರು ೧೪ ಅಂಶ ೪೮ ಕಲೆ. ಅದರ ಸೈನು ೦.೨೫೫, ಅದರ ವರ್ಗವು ೦.೦೬೫; ಆಗ ಫಲನದ ಬೆಲೆಯು ಋಣ ೦.೪೦.

ಭೂಮಿಯ ಸರಾಸರಿ ತ್ರಿಜ್ಯವು ೬೩೭೧ ಕಿಲೋಮೀಟರು. ಧ್ರುವಗಳಲ್ಲಿ ಚಪ್ಪಟೆಯಾದದ್ದನ್ನು ಬರೆಯಲು ಈ ಒಂದು ಫಲನದ ಗುಣಕವನ್ನು ಋಣ ೧೪.೨೬ ಕಿಲೋಮೀಟರು ಎಂದಿಟ್ಟರೆ ಸಾಕಾಗುವದು. ವಿಷುವದ್ರೇಖೆಯಲ್ಲಿ ೭.೧ ಕಿಲೋಮೀಟರು ಹೆಚ್ಚು, ಧ್ರುವದಲ್ಲಿ ೧೪.೨೬ ಕಡಿಮೆ; ಎರಡೂ ಸೇರಿ ೨೧.೪ ಕಿಲೋಮೀಟರು, ಮೇಲೆ ಹೇಳಿದ ಎರಡು ತ್ರಿಜ್ಯಗಳ ಅಂತರವೇ ಬಂದಿತು. ಹಾವೇರಿಗೆ ೦.೪೦ನ್ನು ೧೪.೨೬ರಿಂದ ಗುಣಿಸಿದರೆ ೫.೭. ಆದ್ದರಿಂದ ನಮ್ಮ ಮೂರೂ ಊರುಗಳ ಸಮುದ್ರಮಟ್ಟವು ಭೂಮಿಯ ಸರಾಸರಿಗಿಂತ ಕೇಂದ್ರದಿಂದ ೫.೭ ಕಿಲೋಮೀಟರು ದೂರದಲ್ಲಿದೆಯೆಂದಾಯಿತು. ಈ ಒಂದು ಗುಣಕದ ಮುಂದೆ ಉಳಿದ ಉಬ್ಬು-ತಗ್ಗುಗಳೆಲ್ಲ ಬಹು ಚಿಕ್ಕವು. ಅವು ಹೆಚ್ಚೆಂದರೆ ನೂರು ಮೀಟರಿನ ಆಚೀಚೆಯವು.

ಇನ್ನೊಂದು ಗುಣವನ್ನು ಹೇಳತಕ್ಕದ್ದಿದೆ. ರಾತ್ರಿಯಲ್ಲಿ ಜಾತ್ರೆಯ ಊರಿಗೆ ದೂರದಿಂದ ನಡೆದು ಬರುವವರಿಗೆ ಮೊದಲು ಕೇಳುವದು ಡೊಳ್ಳಿನ ದಪ್ಪ ಸದ್ದು. ತಾಳದ ಕಿಣಿಕಿಣಿಯು ಸಮೀಪಕ್ಕೆ ಬಂದ ಮೇಲೆಯೇ. ಗುರುತ್ವವೂ ಹಾಗೆಯೇ. ಭೂಮಿಯಿಂದ ದೂರ ಹೋದಂತೆ ಹೆಚ್ಚಿನ ದರ್ಜೆಯ ಅಲೆಗಳು ಬೇಗನೆ ಅಳಿದುಹೋಗುವವು. ಕೇಂದ್ರದಿಂದ ಇಮ್ಮಡಿ ದೂರದಲ್ಲಿ ಎರಡನೆಯ ದರ್ಜೆಯ ಅಲೆಯು ಮುಖ್ಯ ಆಕರ್ಷಣದ ಹೋಲಿಕೆಯಲ್ಲಿ ನಾಲ್ಕನೆಯ ಒಂದು ಪಾಲಾಗುವದು. ಹತ್ತನೆಯದು ೧೦೨೪ರಲ್ಲಿ ಒಂದು ಪಾಲು. ಈ ಕಾರಣದಿಂದಲೇ ಯುರೋಪಿಯನರು ೨೦೦೯ರಲ್ಲಿ ಹಾರಿಸಿದ ಗೋಚೆ ಎಂಬ ಉಪಗ್ರಹವನ್ನು ಸುಮಾರು ೨೫೫ ಕಿಲೋಮೀಟರಿನಷ್ಟು ಕಡಿಮೆ ಎತ್ತರದಲ್ಲಿ ಸುತ್ತಿಸಬೇಕಾಯಿತು.

ಪಾದ್ರಿಯೊಬ್ಬನ ಗಣಿತ

ಈ ವಿದ್ಯೆಯ ಚರಿತ್ರೆಯಲ್ಲಿ ನಮ್ಮ ದೇಶಕ್ಕೆ ಗೌರವದ ಸ್ಥಾನವುಂಟು. ವಿಲಿಯಂ ಲ್ಯಾಂಬ್ಟನ್ ಎಂಬ ಸೇನಾಧಿಕಾರಿಯು ೧೮೦೨ರಲ್ಲಿ ಮದ್ರಾಸಿನ ಹತ್ತಿರ ಏಳೂವರೆ ಮೈಲಿನ ಆಧಾರರೇಖೆಯನ್ನು ಅಳೆದು, ಅಲ್ಲಿಂದ ತ್ರಿಕೋನಗಳನ್ನು ಬೆಳೆಸುತ್ತ ಮೈಸೂರು ಸೀಮೆಗೆ ಬಂದನು. ೧೮೦೪ರಲ್ಲಿ ಬೆಂಗಳೂರಿನ ಹತ್ತಿರ ಇನ್ನೊಂದು ರೇಖೆಯನ್ನು ಸರಪಳಿಯಿಂದ ಅಳೆದು ನೋಡಿದಾಗ, ಮದ್ರಾಸಿನಿಂದ ಲೆಕ್ಕ ಹಾಕಿ ತಂದ ಉದ್ದಕ್ಕೂ ಇದಕ್ಕೂ ನಾಲ್ಕು ಅಂಗುಲಕ್ಕಿಂತ ಕಡಿಮೆ ವ್ಯತ್ಯಾಸ ಬಂದಿತು. ಈ ಸರ್ವೇಕ್ಷಣೆಯು ಮುಂದೆ ಜಾರ್ಜ್ ಎವರೆಸ್ಟನ ಕೈಯಲ್ಲಿ ಹಿಮಾಲಯದ ಬುಡದ ವರೆಗೆ ಮುಟ್ಟಿತು.

ಅಲ್ಲಿ ಒಂದು ತೊಡಕು ಎದುರಾಯಿತು. ಮಧ್ಯಭಾರತದ ಕಲಿಯಾಣಪುರಕ್ಕೂ ಉತ್ತರದ ಕಲಿಯಾಣಕ್ಕೂ ನಡುವಿನ ಅಕ್ಷಾಂಶದ ಅಂತರವನ್ನು ತ್ರಿಕೋನಗಳಿಂದ ಒಂದು ಸಲ, ನಕ್ಷತ್ರಗಳಿಂದ ಒಂದು ಸಲ ಲೆಕ್ಕಿಸಿದಾಗ ೫.೨೩೬ ವಿಕಲೆಗಳ ವ್ಯತ್ಯಾಸ ಕಂಡಿತು. ನೆಲದ ಮೇಲೆ ಅದು ಸುಮಾರು ೧೬೦ ಮೀಟರು. ಸರಾಸರಿ ಆರುನೂರು ಕಿಲೋಮೀಟರಿನ ದಾರಿಯಲ್ಲಿ ಇಷ್ಟು ಅಲ್ಪ ವ್ಯತ್ಯಾಸವನ್ನು ಯಾರಾದರೂ ಯಂತ್ರದ ದೋಷವೆಂದು ಬಿಟ್ಟುಬಿಡಬಹುದಾಗಿತ್ತು. ಬಿಡದೆ ಹಿಡಿದವನು ಕಲಕತ್ತೆಯ ಆರ್ಚ್‌ಡೀಕನ್ ಪದವಿಯಲ್ಲಿದ್ದ ಜಾನ್ ಹೆನ್ರಿ ಪ್ರ್ಯಾಟ್ ಎಂಬ ಸಭಾಪಾಲಕ. ಹಿಮಾಲಯದ ರಾಶಿಯು ತೂಗುಗುಂಡನ್ನು ತನ್ನ ಕಡೆಗೆ ಎಳೆದಿರಬೇಕೆಂದು ಊಹಿಸಿ, ಎಷ್ಟು ಎಳೆಯಬೇಕೆಂಬದನ್ನು ೧೮೫೫ರಲ್ಲಿ ಲೆಕ್ಕ ಹಾಕಿದನು. ಉತ್ತರವು ೧೫.೮೮೫ ವಿಕಲೆಯೆಂದು ಬಂದಿತು. ಕಂಡದ್ದಕ್ಕಿಂತ ಮೂರು ಪಾಲು! ಪರ್ವತವು ಎಳೆಯಬೇಕಾದಷ್ಟು ಎಳೆದಿರಲಿಲ್ಲ.

ಇದರಿಂದ ಹುಟ್ಟಿದ ವಿಚಾರವು ದೊಡ್ಡದು. ಪರ್ವತದ ಅಡಿಯ ದ್ರವ್ಯವು ಹಗುರಾಗಿರಬೇಕು. ನೀರಿನಲ್ಲಿ ತೇಲುವ ಮರದ ದಿಮ್ಮಿಯಂತೆ ಪರ್ವತಗಳು ಭೂಗರ್ಭದ ಮೇಲೆ ತೂಗಿ ನಿಂತಿರಬೇಕು ಎಂಬ ಸಿದ್ಧಾಂತವು ಪ್ರ್ಯಾಟನಿಂದಲೂ, ಇಂಗ್ಲೆಂಡಿನ ರಾಜಜ್ಯೋತಿಷಿಯಾದ ಏರಿ ಎಂಬವನಿಂದಲೂ ಎರಡು ರೂಪದಲ್ಲಿ ಹೊರಟಿತು. ಪ್ರ್ಯಾಟನು ೧೮೬೦ರಲ್ಲಿ ಆಕರ್ಷಣ, ಲಪ್ಲಾಸನ ಫಲನಗಳು ಹಾಗೂ ಭೂಮಿಯ ಆಕಾರ ಇವುಗಳನ್ನು ಕುರಿತು ಒಂದು ಗ್ರಂಥವನ್ನೇ ಪ್ರಕಟಿಸಿದನು. ಅಂದರೆ ನಮ್ಮ ಈ ಪಾಠದ ವಿಷಯವನ್ನೇ. ಸಭಾಸೇವೆಯಲ್ಲಿದ್ದುಕೊಂಡೇ ಆತನು ೧೮೭೧ರಲ್ಲಿ ಗಾಜೀಪುರದಲ್ಲಿ ತೀರಿಕೊಂಡನು. ಸೃಷ್ಟಿಯ ಅಳತೆಯು ಸೃಷ್ಟಿಕರ್ತನ ಸೇವೆಗೆ ಹೊರತಾದದ್ದೆಂದು ಅವನು ಎಣಿಸಿದಂತೆ ಕಾಣುವದಿಲ್ಲ.

ಅದೇ ೧೮೭೧ರಲ್ಲಿ ಇನ್ನೊಬ್ಬನೂ ಮಡಿದನು. ಬೆಸೆವಿ ಎಂಬ ಸರ್ವೇ ಅಧಿಕಾರಿಯು ೧೮೬೫ರಿಂದ ಬೆಂಗಳೂರೂ ಸೇರಿ ಅನೇಕ ಸ್ಥಳಗಳಲ್ಲಿ ಲೋಲಕಗಳನ್ನು ತೂಗಿಬಿಟ್ಟು ಗುರುತ್ವವನ್ನು ಅಳೆಯುತ್ತ ಬಂದಿದ್ದನು. ಕೊನೆಗೆ ಲಡಾಖದ ಎತ್ತರದ ಬಯಲಿನ ಚಳಿಯಲ್ಲಿ, ಕೆಲಸದ ನಡುವೆಯೇ ಅವನ ಪ್ರಾಣವು ಹೋಯಿತು. ನಾವು ಕಲಿಸುವ ಅಂಕಿಗಳಲ್ಲಿ ಕೆಲವಕ್ಕೆ ಇಷ್ಟು ಬೆಲೆ ತೆತ್ತದ್ದುಂಟು.

ಹಿಂದೂ ಮಹಾಸಾಗರದ ತಗ್ಗು

ಈಗ ಆ ೮೦ ಮೀಟರಿಗೆ ಬರುವಾ. ನಾವು ನಿಂತಿರುವ ತಗ್ಗಿನ ನಡುಭಾಗವು ಸಿಂಹಳದ ದಕ್ಷಿಣಕ್ಕೆ ಹಿಂದೂ ಮಹಾಸಾಗರದಲ್ಲಿದೆ. ಅಲ್ಲಿ ಸಮುದ್ರದ ಮೇಲ್ಮೈಯು ನುಣುಪಾದ ಆಕಾರಕ್ಕಿಂತ ಸುಮಾರು ೧೦೬ ಮೀಟರು ಕೆಳಗೆ ಇರುವದು. ಜಗತ್ತಿನಲ್ಲಿ ಇಷ್ಟು ಆಳವಾದ ತಗ್ಗು ಬೇರೊಂದಿಲ್ಲ. ಹಡಗಿನಲ್ಲಿ ಹೋಗುವವರಿಗೆ ಇಳಿದಂತೆ ತೋರುವದಿಲ್ಲ. ಏಕೆಂದರೆ ಅಲ್ಲಿಯ ತೂಗುಗುಂಡೂ ಅದೇ ಮೇಲ್ಮೈಗೆ ಲಂಬವಾಗಿ ನಿಲ್ಲುವದು. ನೀರಿಗೆ ಅದೇ ಸಮಮಟ್ಟ.

ಇದರ ಕಾರಣವೇನು? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ದೇಬಾಂಜನ್ ಪಾಲ್ ಮತ್ತು ಅತ್ರೇಯೀ ಘೋಷ್ ಎಂಬ ಸಂಶೋಧಕರು ೨೦೨೩ರಲ್ಲಿ ಒಂದು ಉತ್ತರವನ್ನು ಪ್ರಕಟಿಸಿದರು. ಭೂಖಂಡಗಳು ಚಲಿಸುವದನ್ನು ೧೪ ಕೋಟಿ ವರ್ಷಗಳ ಹಿಂದಿನಿಂದ ಗಣಕಯಂತ್ರದಲ್ಲಿ ನಡೆಸಿ ನೋಡಿ, ಟೆಥಿಸ್ ಎಂಬ ಪುರಾತನ ಸಮುದ್ರದ ತಳವು ಭೂಗರ್ಭಕ್ಕೆ ಇಳಿದು, ಆಫ್ರಿಕದ ಅಡಿಯಲ್ಲಿದ್ದ ಬಿಸಿ ದ್ರವ್ಯವನ್ನು ಕಲಕಿತೆಂದೂ, ಹಾಗೆ ಮೇಲೆದ್ದು ಬಂದ ಹಗುರಾದ ದ್ರವ್ಯವೇ ಈ ತಗ್ಗಿಗೆ ಕಾರಣವೆಂದೂ ಅವರು ಹೇಳುತ್ತಾರೆ. ಅವರ ಲೆಕ್ಕದ ಫಲವನ್ನು ಹೋಲಿಸಿ ನೋಡುವದು ಗೋಳೀಯ ಹರಾತ್ಮಕಗಳಲ್ಲಿ ಬರೆದ ಜಿಯಾಯ್ಡಿನೊಡನೆಯೇ.

ಹಾಗೆ ಬರೆದ ಒಂದು ಪ್ರಸಿದ್ಧ ಮಾದರಿಯು ೧೯೯೬ರದು. ಅದು ೩೬೦ನೆಯ ದರ್ಜೆಯ ವರೆಗೆ ಹೋಗುವದು. ೨೦೦೮ರ ಮಾದರಿಯು ೨೧೫೯ನೆಯ ದರ್ಜೆಯ ವರೆಗೆ ಪೂರ್ಣವಾಗಿದೆ. ಹುಣಸೆಯ ಬೀಜದ ಲೆಕ್ಕವನ್ನು ನೆನೆಯಿರಿ: ೨೧೬೦ರ ವರ್ಗವು ೪೬,೬೫,೬೦೦. ನಲವತ್ತಾರು ಲಕ್ಷಕ್ಕೂ ಮಿಕ್ಕ ಗುಣಕಗಳು! ೨೦,೦೦೦ ಕಿಲೋಮೀಟರನ್ನು ದರ್ಜೆಯಿಂದ ಭಾಗಿಸಿದರೆ ಆ ಮಾದರಿಯು ಎಷ್ಟು ಚಿಕ್ಕ ಉಬ್ಬನ್ನು ಬಿಡಿಸಿ ತೋರಿಸಬಲ್ಲದೆಂಬದು ತಿಳಿಯುವದು. ಮೊದಲನೆಯದಕ್ಕೆ ಸುಮಾರು ೫೫ ಕಿಲೋಮೀಟರು, ಎರಡನೆಯದಕ್ಕೆ ಸುಮಾರು ೯. ಹಾವೇರಿಯಿಂದ ರಾಣೇಬೆನ್ನೂರಿಗೆ ನೇರವಾಗಿ ಸುಮಾರು ೩೦ ಕಿಲೋಮೀಟರು, ಬ್ಯಾಡಗಿಯು ಹೆಚ್ಚು ಕಡಿಮೆ ನಡುವೆ. ಆದುದರಿಂದ ೧೯೯೬ರ ಮಾದರಿಗೆ ನಮ್ಮ ಮೂರು ಊರುಗಳು ಒಂದೇ ಅಲೆಯ ಮೇಲಿನವು. ೨೦೦೮ರದಕ್ಕೆ ಬೇರೆ ಬೇರೆ.

ಇಷ್ಟು ಸೂಕ್ಷ್ಮವು ನಮಗೇಕೆಂದು ಪಾಲಕರು ಕೇಳಬಹುದು. ತುಂಗಾ ಮೇಲ್ದಂಡೆಯ ಕಾಲುವೆಯನ್ನು ನೋಡಿರಿ. ದೊಡ್ಡ ಕಾಲುವೆಗಳಿಗೆ ಕೊಡುವ ಇಳಿಜಾರು ಸಾವಿರಾರು ಮೀಟರಿಗೆ ಒಂದು ಮೀಟರಿನಷ್ಟು ಅಲ್ಪವಾದದ್ದು. ಜಲಮಟ್ಟವು ನುಣುಪಾದ ಆಕಾರಕ್ಕಿಂತ ಐದು ವಿಕಲೆ ಓರೆಯಾಗಿದ್ದರೆ ಕಿಲೋಮೀಟರಿಗೆ ೨.೪ ಸೆಂಟಿಮೀಟರು, ೩೦ ಕಿಲೋಮೀಟರಿಗೆ ೭೦ ಸೆಂಟಿಮೀಟರಿಗೂ ಹೆಚ್ಚು ವ್ಯತ್ಯಾಸವಾಗುವದು. ಉಪಗ್ರಹದ ಎತ್ತರವನ್ನು ತಿದ್ದದೆ ನಂಬಿದರೆ ಕಾಲುವೆಯ ಕೊನೆಯ ಹೊಲಕ್ಕೆ ನೀರು ಬರುವದೋ ಬಾರದೋ ಎಂಬದೇ ಸಂದೇಹವಾದೀತು. ನೀರು ಉಪಗ್ರಹದ ಲೆಕ್ಕವನ್ನು ಕೇಳದು. ಅದು ತೂಗುಗುಂಡಿನ ಮಾತನ್ನೇ ಕೇಳುವದು.

ಬಾವಿಯ ನೀರಿಗೂ ಈ ವಿದ್ಯೆಯು ಸಾಕ್ಷಿಯಾಗಿದೆ. ೨೦೦೨ರಲ್ಲಿ ಹಾರಿಸಿದ ಗ್ರೇಸ್ ಎಂಬ ಜೋಡಿ ಉಪಗ್ರಹಗಳು ತಿಂಗಳು ತಿಂಗಳಿಗೆ ಹರಾತ್ಮಕಗಳ ಗುಣಕಗಳನ್ನು ಹೊಸದಾಗಿ ಅಳೆದವು. ೨೦೦೨ರಿಂದ ೨೦೦೮ರ ವರೆಗೆ ರಾಜಸ್ಥಾನ, ಪಂಜಾಬ, ಹರಿಯಾಣ ಪ್ರದೇಶದಲ್ಲಿ ೧೦೯ ಘನ ಕಿಲೋಮೀಟರು ಅಂತರ್ಜಲವು ಬತ್ತಿತೆಂದು ಅದರಿಂದ ಗೊತ್ತಾಯಿತು. ನೆಲದಿಂದ ತೆಗೆದ ನೀರಿನ ಭಾರವು ಆಕಾಶದಲ್ಲಿ ಕಂಡಿತು. ವರ್ಷವರ್ಷಕ್ಕೆ ಬೋರ್‌ವೆಲ್ಲನ್ನು ಆಳಕ್ಕೆ ಇಳಿಸುವ ನಮ್ಮ ರೈತರು ಈ ಮಾತನ್ನು ಆಲೋಚಿಸತಕ್ಕದ್ದಿದೆ.

ಇತರ ಉಪಯೋಗಗಳು

ಉಳಿದವುಗಳನ್ನು ಸಂಕ್ಷೇಪವಾಗಿ ಹೇಳುವೆವು. ಜರ್ಮನಿಯ ಗೌಸನು ೧೮೩೯ರಲ್ಲಿ ಭೂಮಿಯ ಕಾಂತತ್ವವನ್ನು ನಾಲ್ಕನೆಯ ದರ್ಜೆಯ ವರೆಗಿನ ಹರಾತ್ಮಕಗಳಲ್ಲಿ ಬರೆದನು. ಸೊನ್ನೆಯ ದರ್ಜೆಯದು ಕಾಂತದಲ್ಲಿ ಇಲ್ಲವಾದುದರಿಂದ ೨೫ರಲ್ಲಿ ಒಂದು ಕಳೆದು ೨೪ ಗುಣಕಗಳು. ದಿಕ್ಸೂಚಿಯನ್ನು ತಿರುಗಿಸುವ ಬಲವು ಹೆಚ್ಚಾಗಿ ಭೂಮಿಯ ಒಳಗಿನಿಂದಲೇ ಬರುವದೆಂದು ಅವನು ಸಿದ್ಧಮಾಡಿದನು.

ಪರಮಾಣುವಿನಲ್ಲಿ ಎಲೆಕ್ಟ್ರಾನುಗಳು ಇರುವ ನೆಲೆಗಳ ಆಕಾರವೂ ಇವೇ ಹರಾತ್ಮಕಗಳಿಂದ ಆದದ್ದು. ೧, ೩, ೫, ೭ ನೆಲೆಗಳು. ಒಂದೊಂದರಲ್ಲಿ ಎರಡೆರಡು ಎಲೆಕ್ಟ್ರಾನುಗಳು. ಆದುದರಿಂದ ೨, ೬, ೧೦, ೧೪. ಹತ್ತನೆಯ ಇಯತ್ತೆಯ ರಸಾಯನಶಾಸ್ತ್ರದ ಗೋಡೆಯ ಮೇಲಿನ ಆವರ್ತಕೋಷ್ಟಕದ ಅಗಲವು ಮೋಸಂಬಿಯ ಗೆರೆಗಳಿಂದ ಬಂದದ್ದು!

ಭೂಮಿಯ ನಡುವಿನ ಉಬ್ಬು, ಅಂದರೆ ಆ ಎರಡನೆಯ ದರ್ಜೆಯ ಪಟ್ಟೆ, ಉಪಗ್ರಹದ ಪಥವನ್ನು ದಿನದಿನಕ್ಕೆ ತುಸು ತಿರುಗಿಸುವದು. ಇದನ್ನು ದೋಷವೆಂದು ಎಣಿಸದೆ ಉಪಯೋಗಕ್ಕೆ ತಂದುಕೊಂಡರು. ಪಥವನ್ನು ತಕ್ಕಷ್ಟು ಓರೆಯಾಗಿಟ್ಟರೆ ಅದು ದಿನಕ್ಕೆ ಹೆಚ್ಚು ಕಡಿಮೆ ಒಂದು ಅಂಶ ತಿರುಗಿ ಸೂರ್ಯನನ್ನು ಹಿಂಬಾಲಿಸುವದು. ೧೯೮೮ರ ಮಾರ್ಚ್ ೧೭ರಂದು ಹಾರಿದ, ಭಾರತದ ದೂರಸಂವೇದಿ ಉಪಗ್ರಹವಾದ ಐ.ಆರ್.ಎಸ್. ೧ಎ ಇಂಥ ಪಥದಲ್ಲಿ ಸುತ್ತಿ, ಪ್ರತಿಸಲವೂ ಬೆಳಗಿನ ಅದೇ ಹೊತ್ತಿಗ��� ನಮ್ಮ ಬೆಳೆಗಳನ್ನೂ ಕೆರೆಗಳನ್ನೂ ಚಿತ್ರಿಸಿತು.

ಪಾಲಕರಿಗೆ ಒಂದು ಮಾತು

ಹೆಣ್ಣುಮಕ್ಕಳಿಗೆ ಇಂಥ ವಿದ್ಯೆ ಏತಕ್ಕೆಂಬ ಮಾತು ನಮ್ಮ ಊರುಗಳಲ್ಲಿ ಇನ್ನೂ ಕೇಳಿಬರುತ್ತದೆ. ಸ್ಕಾಟ್ಲೆಂಡಿನ ಮೇರಿ ಸಮರ್ವಿಲ್ ಎಂಬವಳು ಹುಡುಗಿಯಾಗಿದ್ದಾಗ ರಾತ್ರಿಯಲ್ಲಿ ಯೂಕ್ಲಿಡನ ಗ್ರಂಥವನ್ನು ಓದದಂತೆ ಮನೆಯವರು ಮೇಣಬತ್ತಿಯನ್ನು ತೆಗೆದಿರಿಸಿದರು. ಅವಳು ಕತ್ತಲೆಯಲ್ಲಿಯೇ ಪ್ರಮೇಯಗಳನ್ನು ಬಾಯಿಪಾಠ ಬಿಡಿಸಿದಳು. ೧೮೩೧ರಲ್ಲಿ ಲಪ್ಲಾಸನ ಮಹಾಗ್ರಂಥವನ್ನು ಇಂಗ್ಲಿಷಿನಲ್ಲಿ ತಿಳಿಯಾಗಿ ವಿವರಿಸಿದವಳು ಅವಳೇ. ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿ ಅದನ್ನು ಪಾಠಪುಸ್ತಕವನ್ನಾಗಿ ಓದಿದರು. ಅಮೇರಿಕೆಯ ವರ್ಜೀನಿಯದಲ್ಲಿ ೧೯೩೦ರಲ್ಲಿ ಕರಿಯ ರೈತಕುಟುಂಬದಲ್ಲಿ ಹುಟ್ಟಿದ ಗ್ಲ್ಯಾಡಿಸ್ ವೆಸ್ಟ್ ಎಂಬವಳು ಹೊಲದ ಕೆಲಸದಿಂದ ಗಣಿತಕ್ಕೆ ಬಂದು, ೧೯೫೬ರಿಂದ ಅಲ್ಲಿಯ ನೌಕಾದಳದ ಗಣನಾಲಯದಲ್ಲಿ ದುಡಿದು, ಉಪಗ್ರಹಗಳ ಅಳತೆಗಳಿಂದ ಭೂಮಿಯ ಆಕಾರವನ್ನು ಲೆಕ್ಕಿಸಿದಳು. ಇಂದು ಪ್ರತಿಯೊಬ್ಬರ ಫೋನು ದಾರಿ ತೋರಿಸುವದರಲ್ಲಿ ಅಂಥ ಲೆಕ್ಕದ ಪಾಲುಂಟು.

ಅವರನ್ನು ಕುರಿತು ಹೇಳುವದು ಸುಲಭ. ಮೇಣಬತ್ತಿಯನ್ನು ತೆಗೆದವರು ಬೇರೆಯವರು. ನಮ್ಮ ವರ್ಗದಲ್ಲಿ ಅದನ್ನು ತೆಗೆದವರು ನಾವೇ. ಒಂದೇ ಅಳತೆಯಲ್ಲಿ ಬರುವ ತಪ್ಪು ತಪ್ಪಲ್ಲ, ಅದೊಂದು ಸಂಗತಿ ಎಂಬ ಮಾತನ್ನು ಪ್ರ್ಯಾಟನು ೫.೨೩೬ ವಿಕಲೆಯಲ್ಲಿ ಕಂಡನು. ಅದನ್ನೇ ನಮ್ಮ ವಿದ್ಯಾರ್ಥಿನಿಯು ೮೦ ಮೀಟರಿನಲ್ಲಿ ಕಂಡಿದ್ದಳು. ಅವನ ಮಾತನ್ನು ಲಂಡನ್ನಿನ ಪಂಡಿತರು ಕೇಳಿದರು. ಅವಳ ಮಾತಿಗೆ ಅವಳ ಉಪಾಧ್ಯಾಯಿನಿಯೇ ನಕ್ಕಳು.

ಆ ವಿದ್ಯಾರ್ಥಿನಿಯ ಹೆಸರನ್ನು ನಾವು ಇಲ್ಲಿ ಬರೆಯುವದಿಲ್ಲ, ಅವಳಿಗೆ ಗೊತ್ತಾಗುವದು. ಈ ಸಂಚಿಕೆಯು ಅವಳ ಕೈ ಸೇರಿದರೆ, ಅವಳ ಪ್ರಶ್ನಕ್ಕೆ ಉತ್ತರವು ತಡವಾಗಿಯಾದರೂ ಬಂದಿದೆಯೆಂದು ತಿಳಿಯಲಿ, ನಮ್ಮನ್ನು ಕ್ಷಮಿಸಲಿ. ಅವಳಿಗೆ ಮಗಳಿದ್ದರೆ, ಅಥವಾ ತಮ್ಮಲ್ಲಿ ಯಾರಿಗಾದರೂ ಮಗಳಿದ್ದರೆ, ಮುಂದಿನ ಸಲ ಗಾಡಿಗಾಗಿ ಕಾಯುವಾಗ ಅವಳನ್ನು ಹಳದಿ ಫಲಕದ ಕೆಳಗೆ ನಿಲ್ಲಿಸಿರಿ. ಎರಡು ಅಂಕಿಗಳನ್ನೂ ಓದಿಸಿರಿ. ಅವು ಕೂಡದಿದ್ದರೆ ಏಕೆಂದು ಅವಳನ್ನೇ ಕೇಳಿರಿ. ಅವಳು ತಿರುಗಿ ಕೇಳಿದರೆ ನಗಬೇಡಿರಿ. ತಮಗೆ ಉತ್ತರ ತಿಳಿಯದಿದ್ದರೆ ಅವಳನ್ನು ನಮ್ಮಲ್ಲಿಗೆ ಕಳುಹಿಸಿರಿ. ನಮಗೂ ತಿಳಿಯದಿದ್ದರೆ ತಿಳಿಯದೆಂದು ಹೇಳಿ, ಅವಳ ಬದಿಯಲ್ಲಿ ಕುಳಿತು ಹುಡುಕುವೆವು.